ಮೂರನೇ ಪಿನ್

ಹಳ್ಳಿಮೈಸೂರಿನ ನಂಜಪ್ಪನ ಮಗಳು ಸಿಂಧು ಗಿಟಾರು ಹಿಡಿದದ್ದು ಬಿ.ಎಸ್ಸಿ. ಓದಲು ಹಾಸನಕ್ಕೆ ಬಂದ ಮೇಲೆ. ಅಲ್ಲಿಯವರೆಗೆ ಅವಳ ಹಾಡುಗಾರಿಕೆಯೆಲ್ಲ ಶಾಲೆಯ ಪ್ರಾರ್ಥನೆ ಮತ್ತು ಅಜ್ಜಿ ಪುಟ್ಟತಾಯಮ್ಮನ ಜೊತೆ ಮದುವೆ ಮನೆಗಳಲ್ಲಿ ಹೇಳುತ್ತಿದ್ದ ಸೋಬಾನೆ, ಇಷ್ಟರಲ್ಲೇ ಮುಗಿದಿತ್ತು. ಗಂಟಲು ಮಾತ್ರ ದೊಡ್ಡದು. ತಾಯಿ ತೀರಿಕೊಂಡ ಮೇಲೆ ಅಪ್ಪ, ಅಜ್ಜಿಯೇ ಸಾಕಿದ ಹುಡುಗಿ. ಕೊಟ್ಟಿಗೆಯಲ್ಲಿ ನಿಂತು ‘ಅಪ್ಪಾ’ ಎಂದು ಕೂಗಿದರೆ ಗದ್ದೆಯಲ್ಲಿದ್ದ ನಂಜಪ್ಪ ಕೆಲಸ ಬಿಟ್ಟು ತಲೆ ಎತ್ತುತ್ತಿದ್ದ.

ಆ ಗಂಟಲನ್ನು ಕಾಲೇಜಿನ ಸಮಾರಂಭದಲ್ಲಿ ಕೇಳಿ ಬೆನ್ನು ಬಿದ್ದವನು ವಿಶ್ವಾಸ್. ಹಾಸನದ ಸಂಸ್ಕೃತ ಮೇಷ್ಟರೊಬ್ಬರ ಮಗ, ಮೃದಂಗ ಕಲಿಯಲು ಕಳಿಸಿದರೆ ಡ್ರಮ್ ಕಲಿತು ಬಂದವನು. ಅವನ ಜೊತೆ ಹಳೇಕೋಟೆಯ ರವೀಂದ್ರ ಇದ್ದ. ಬೇಸ್ ಗಿಟಾರು ನುಡಿಸುವುದರ ಜೊತೆಗೆ ವೈರು, ಪ್ಲಗ್ಗು, ಆಂಪ್ಲಿಫೈಯರುಗಳ ಉಸ್ತುವಾರಿಯೂ ಅವನದೇ. ೧೯೯೯ರಲ್ಲಿ ಮೂವರೂ ಸೇರಿ ಒಂದು ಬ್ಯಾಂಡ್ ಕಟ್ಟಿದರು. ವಿಶ್ವಾಸನ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅಭ್ಯಾಸ. ಬ್ಯಾಂಡಿನ ಹೆಸರೂ ‘ತಗಡು’ ಎಂದೇ ಆಯಿತು.

ಅವರು ನುಡಿಸುತ್ತಿದ್ದದ್ದು ಪಾಪ್ ಪಂಕ್. ಹಾಗಂದರೇನು ಎಂದು ಯಾರಾದರೂ ಕೇಳಿದರೆ ವಿಶ್ವಾಸನ ಹತ್ತಿರ ಒಂದೇ ಉತ್ತರವಿತ್ತು: “ಹೊರಟುಹೋಗ್ತಿರೋ ಬಸ್ಸಿನ ಹಿಂದೆ ಓಡೋ ಥರ ಬಾರಿಸ್ಬೇಕು. ಆದ್ರೆ ಬಸ್ಸಲ್ಲಿ ಕೂತಿರೋರು ಕೇಳಿ ಗುನುಗಬೇಕು.” ಹಾಡೆಲ್ಲ ಸಿಂಧು ಬರೆಯುತ್ತಿದ್ದಳು. ಹಾಸ್ಟೆಲಿನ ನೀರುಸಾರು, ಸಿಟಿ ಬಸ್ಸಿನಲ್ಲಿ ಬೇಕಂತಲೇ ಮೈಮೇಲೆ ಬೀಳುವವರು, ಆಲೂಗೆಡ್ಡೆ ಮೂಟೆಯ ಮೇಲೆ ಕೂತು ಸಂತೆಗೆ ಹೋದದ್ದು, ಇಂಥವೇ. ಎರಡು ಕ್ಯಾಸೆಟ್ ಹೊರಬಂದವು. ಹಾಸನದ ಹಾಸ್ಟೆಲುಗಳಲ್ಲಿ ಟೇಪು ಸವೆಯುವಷ್ಟು ಓಡಿದವು. ಊರಾಚೆಗೆ ಯಾರೂ ಕೇಳಲಿಲ್ಲ. ಇನ್ನು ಮೂರನೆಯದು ಸೀಡಿಯೇ ಆಗಬೇಕು, ಗದ್ದಲದಲ್ಲೂ ಮಾತು ಕೇಳುವಂತಿರಬೇಕು ಎಂದು ಮೂವರೂ ಕನಸು ಕಟ್ಟುತ್ತಿದ್ದಾಗಲೇ ಹಳೇಕೋಟೆಯ ಕಾರ್ಯಕ್ರಮ ಬಂತು.

ಅದು ೨೦೦೩ರ ಮೇ ತಿಂಗಳು. ಯುವಕ ಸಂಘದವರು ಕರೆದಿದ್ದರು. ರವೀಂದ್ರನಿಗೆ ಸ್ವಂತ ಊರು. ಅವನ ಮನೆಯವರೆಲ್ಲ ಮುಂದಿನ ಸಾಲಿನಲ್ಲಿ ಕೂರುವವರಿದ್ದರು. ಎಲ್ಲಿ ಮಾನ ಹೋಗುತ್ತದೋ ಎಂದು ಅವನು ಮಧ್ಯಾಹ್ನದಿಂದ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಮಳೆ ಬಿದ್ದು ನೆಲ ಒದ್ದೆಯಾಗಿತ್ತು. ಸಂಜೆ ಪರೀಕ್ಷೆ ಮಾಡುವಾಗ ಗಿಟಾರಿನ ಆಂಪ್ಲಿಫೈಯರು ಜೇನುಗೂಡು ಕಲಕಿದ ಹಾಗೆ ಗುಂಯ್ ಅನ್ನುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಆ ಸದ್ದು ತಟ್ಟನೆ ನಿಂತಿತು. ಸಿಂಧುವಿಗೆ ಸಮಾಧಾನವಾಯಿತು. ಹೇಗೆ ನಿಂತಿತು ಎಂದು ಅವಳು ಕೇಳಲಿಲ್ಲ.

ಮೊದಲ ಹಾಡಿಗೆ ಅವಳು ಎಡಗೈಯಲ್ಲಿ ತಂತಿಗಳನ್ನು ಒತ್ತಿ ಹಿಡಿದು ಮೈಕಿಗೆ ಬಾಯಿ ಕೊಟ್ಟಳು.

ತುಟಿ ತಗುಲಿದ್ದಷ್ಟೇ ಗೊತ್ತು. ಯಾರೋ ಕಬ್ಬಿಣದ ಸಲಾಕೆಯಿಂದ ಹಲ್ಲುಗಳಿಗೆ ಹೊಡೆದ ಹಾಗಾಯಿತು. ಬೆರಳುಗಳು ತಾವಾಗಿಯೇ ಗಿಟಾರಿನ ಕತ್ತನ್ನು ಬಿಗಿಯಾಗಿ ಹಿಡಿದುಕೊಂಡವು. ಬಿಡು, ಬಿಡು ಎಂದು ಒಳಗೆ ಕಿರುಚುತ್ತಿದ್ದಳು. ಕೈ ಕೇಳಲಿಲ್ಲ, ಬಾಯಿಂದ ದನಿಯೂ ಬರಲಿಲ್ಲ. ಎದುರಿಗೆ ಕೂತಿದ್ದ ಜನ ನಗುಮುಖದಲ್ಲೇ ನೋಡುತ್ತಿದ್ದರು. ಇದೂ ಹಾಡಿನ ಒಂದು ವರಸೆ ಇರಬೇಕು ಅಂದುಕೊಂಡಿದ್ದರು. ಅಷ್ಟೊಂದು ಮುಖಗಳು ನೋಡುತ್ತಿರುವಾಗಲೇ ನಾನು ಸಾಯುತ್ತಿದ್ದೇನೆ, ಯಾರಿಗೂ ಗೊತ್ತಾಗುತ್ತಿಲ್ಲ ಅನ್ನಿಸಿದ್ದು ಅವಳಿಗೆ ಚೆನ್ನಾಗಿ ನೆನಪಿದೆ. ಶಾಮಿಯಾನ, ಲೈಟು ಹಾಕಿದ್ದ ಚಂದ್ರಯ್ಯ ಎಂಬವನಿಗೆ ಮಾತ್ರ ಏನೋ ಅನುಮಾನ ಬಂದು ಮೇನ್ ಸ್ವಿಚ್ ಎಳೆದ. ಕತ್ತಲಾಯಿತು. ಅವಳು ಹಲಗೆಯ ಮೇಲೆ ಬಿದ್ದಳು.

ಹೊಳೆನರಸೀಪುರದ ಡಾಕ್ಟರು ಎದೆ ಪರೀಕ್ಷೆ ಮಾಡಿ, ಏನೂ ತೊಂದರೆಯಿಲ್ಲ, ಆಯಸ್ಸು ಗಟ್ಟಿ ಎಂದರು. ಕೆಳತುಟಿ ಸುಟ್ಟಿದ್ದು ಕೆಲವು ವಾರಗಳಲ್ಲಿ ಮಾಯಿತು. ಮಾಯದೆ ಉಳಿದದ್ದು ಹೆದರಿಕೆ.

ಅದು ಮೊದಲು ಮೈಕಿನ ಹೆದರಿಕೆಯಾಗಿತ್ತು. ಆಮೇಲೆ ಸ್ವಿಚ್ಚಿಗೆ ಹಬ್ಬಿತು, ಫ್ರಿಜ್ಜಿನ ಬಾಗಿಲಿಗೆ ಹಬ್ಬಿತು, ನೀರಿನ ನಲ್ಲಿಗೂ ಹಬ್ಬಿತು. ಫ್ಯಾನು ಹಾಕಬೇಕಾದರೆ ಮರದ ಸ್ಕೇಲು ಹುಡುಕುತ್ತಿದ್ದಳು. ಮನೆಯೊಳಗೂ ಹವಾಯಿ ಚಪ್ಪಲಿ ತೆಗೆಯುತ್ತಿರಲಿಲ್ಲ. ದೇವರ ಮನೆಯ ಮುಂದೆ ಹಾಗೆ ಓಡಾಡಿದ್ದಕ್ಕೆ ಪುಟ್ಟತಾಯಮ್ಮ ಬೈದು, ಆಮೇಲೆ ಕನಿಕರಪಟ್ಟು ತಾಯಿತ ಕಟ್ಟಿಸಿದಳು. ಏನೂ ಇಲ್ಲದ ಹೊತ್ತಿನಲ್ಲಿ, ಊಟ ಮಾಡುತ್ತಿರುವಾಗಲೋ ಬಸ್ಸಿಗೆ ಕಾಯುತ್ತಿರುವಾಗಲೋ, ನಾಲಗೆಯ ಮೇಲೆ ಕಬ್ಬಿಣದ ರುಚಿ ಬಂದುಬಿಡುತ್ತಿತ್ತು. ಆಗ ಎಡಗೈ ಬೆರಳುಗಳನ್ನು ಬಿಚ್ಚಿ ಮುಚ್ಚಿ, ತನ್ನ ಮಾತು ಕೇಳುತ್ತವೆಯೇ ಎಂದು ನೋಡಿಕೊಳ್ಳುತ್ತಿದ್ದಳು. ಎಲ್ಲಕ್ಕಿಂತ ಅವಳನ್ನು ಹೆದರಿಸಿದ್ದು, ಹಾಗೇಕಾಯಿತು ಎಂದು ಯಾರಿಗೂ ಗೊತ್ತಿಲ್ಲದಿರುವುದು. ಮಳೆ ಎಂದರು, ಗ್ರಹಚಾರ ಎಂದರು. ಕಾರಣವಿಲ್ಲದೆ ಬಂದದ್ದು ಮತ್ತೆ ಯಾವಾಗ ಬೇಕಾದರೂ ಬರಬಹುದಲ್ಲ.

ನಂಜಪ್ಪ ಇನ್ನು ವೇದಿಕೆ ಹತ್ತಕೂಡದು ಎಂದುಬಿಟ್ಟ. ಅವಳು ಎದುರಾಡಲಿಲ್ಲ. ಹಾಸನದ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಪಾಠ ಹೇಳಲು ಸೇರಿಕೊಂಡಳು. ವಿದ್ಯುತ್ತಿನ ಪಾಠ ಬಂದರೆ ಪ್ರಯೋಗ ಮಾಡಿ ತೋರಿಸದೆ ಚಿತ್ರ ಬರೆದು ಮುಗಿಸುತ್ತಿದ್ದಳು.

ಆದರೆ ಹಾಡುಗಳು ನಿಲ್ಲಲಿಲ್ಲ. ೨೦೦೫ರ ಹೊತ್ತಿಗೆ ಒಂದು ಆಲ್ಬಮ್ಮಿಗಾಗುವಷ್ಟು ಕೂಡಿದ್ದವು. ವಿಶ್ವಾಸ್ ಓದಿ, “ಇವು ಹಿಂದಿನ ಎರಡರ ಥರ ತಮಾಷೆಯವಲ್ಲ ಕಣೇ. ಇವನ್ನ ರೆಕಾರ್ಡ್ ಮಾಡದೆ ಬಿಟ್ರೆ ನನಗೆ ನಿದ್ದೆ ಬರಲ್ಲ” ಎಂದ. ಸಿಂಧು ಅಪ್ಪನಿಗೆ, ಇದು ವೇದಿಕೆಯಲ್ಲ, ನಾಲ್ಕು ಗೋಡೆಯೊಳಗೆ ರೇಡಿಯೋದವರ ಥರ ಹಾಡುವುದು, ಏನೂ ಭಯವಿಲ್ಲ ಎಂದಳು. ನಂಜಪ್ಪ ಒಪ್ಪಿದ. ಅವನಿಗೆ ಹೇಳಿದ ಧೈರ್ಯದಲ್ಲಿ ಒಂದು ಕಾಳಿನಷ್ಟೂ ಅವಳಲ್ಲಿ ಇರಲಿಲ್ಲ.

ಸ್ಟುಡಿಯೋ ಹಾಸನದಲ್ಲೇ, ಒಂದು ದಿನಸಿ ಅಂಗಡಿಯ ಮಹಡಿಯ ಮೇಲೆ. ಯಜಮಾನರು ಹೊಳೆನರಸೀಪುರದ ಅರ್ಚಕರ ಮನೆತನದ ವರದರಾಜ. ಭಜನೆ, ದೇವರನಾಮ ರೆಕಾರ್ಡ್ ಮಾಡಿ ಅಭ್ಯಾಸವಾದವರು. ಡ್ರಮ್ ಜೋಡಿಸುವುದನ್ನು ನೋಡಿ, “ಕೆಳಗಡೆ ಅಂಗಡೀಲಿ ಬೇಳೆ ಡಬ್ಬ ಬೀಳದ ಹಾಗೆ ಬಾರಿಸಪ್ಪ” ಎಂದರು. ಅವರು ಗಾಜಿನ ಕಿಟಕಿಯ ಆಚೆ ಕೂರುತ್ತಿದ್ದರು. ಮೂವರೂ ಈಚೆ ಒಂದೇ ಕೋಣೆಯಲ್ಲಿ. ಗಿಟಾರು ನುಡಿಸದೆ ಹಾಡಿದರೆ ಸಿಂಧುವಿನ ಲಯ ತಪ್ಪುತ್ತಿತ್ತು. ಹಾಗಾಗಿ ಮತ್ತೆ ಅದೇ: ಕೈಯಲ್ಲಿ ತಂತಿ, ತುಟಿಯ ಮುಂದೆ ಮೈಕು.

ಮೊದಲ ದಿನ ಗಂಟಲು ಕಟ್ಟಿದೆ ಎಂದಳು. ಎರಡನೆಯ ದಿನ ಗಿಟಾರಿನ ತಂತಿಯನ್ನು ಬಿಗಿದು ಬಿಗಿದು ಬೇಕೆಂದೇ ಕಿತ್ತುಹೋಗುವಂತೆ ಮಾಡಿದಳು. ಮೂರನೆಯ ದಿನ ನೆಪಗಳು ಮುಗಿದವು. ಮೈಕಿನಿಂದ ಒಂದು ಮೊಳ ದೂರ ನಿಂತು ಹಾಡಿದಳು.

“ಸ್ವಲ್ಪ ಹತ್ತಿರ ಬಾರಮ್ಮ,” ವರದರಾಜರ ದನಿ ಹೆಡ್‌ಫೋನಿನಲ್ಲಿ ಕೇಳಿತು. “ಪಕ್ಕದ ಮನೇಲಿ ಹಾಡಿದ ಹಾಗಿದೆ.”

ಒಂದು ಹೆಜ್ಜೆ ಇಟ್ಟಳು. ನಾಲಗೆಗೆ ಕಬ್ಬಿಣ ಬಂತು.

“ಏನಾಗ್ತಿದೆ ಸಿಂಧು?” ವಿಶ್ವಾಸ್ ಕೋಲು ಕೆಳಗಿಟ್ಟ. “ಮುಖ ಯಾಕೆ ಹಾಗೆ ಬಿಳಚ್ಕೊಂಡಿದೆ?”

“ಏನಿಲ್ಲ. ನೀರು ಕೊಡು.”

ಅಷ್ಟರಲ್ಲಿ ವರದರಾಜರು ಇನ್ನೊಂದು ತಕರಾರು ತೆಗೆದರು. ಗಿಟಾರಿನ ಆಂಪ್ಲಿಫೈಯರಿನಿಂದ ಗುಂಯ್ ಎಂಬ ಸದ್ದು ಬರುತ್ತಿದೆ, ಹಾಡು ನಿಂತ ಕಡೆಯೆಲ್ಲ ಅದೇ ಕೇಳುತ್ತಿದೆ ಎಂದರು. “ಒಂದ್ನಿಮಿಷ ಸಾ, ನಾನ್ ನೋಡ್ತೀನಿ” ಎಂದು ರವೀಂದ್ರ ಗೋಡೆಯ ಹತ್ತಿರ ಹೋದ. ಜೇಬಿನಿಂದ ಸಣ್ಣ ತಿರುಪುಳಿ ತೆಗೆದ. ಪ್ಲಗ್ಗು ಕಿತ್ತು, ತಿರುಗಿಸಿ, ಮುಚ್ಚಳ ಬಿಚ್ಚಿದ. ದಪ್ಪಗಿದ್ದ ಮೂರನೇ ಪಿನ್ನಿನಿಂದ ಹಸಿರು ವೈರನ್ನು ಬಿಡಿಸಿ ಪಕ್ಕಕ್ಕೆ ಮಡಿಸಿದ. ಮತ್ತೆ ಮುಚ್ಚಿ ಸಿಕ್ಕಿಸಿದ. ಎಷ್ಟೋ ಸಲ ಮಾಡಿದ ಕೆಲಸದ ಹಾಗೆ ಕೈ ಸಲೀಸಾಗಿ ಓಡಿತು. ಗುಂಯ್ ಸದ್ದು ತಟ್ಟನೆ ನಿಂತಿತು.

ಆ ನಿಶ್ಶಬ್ದವನ್ನು ಸಿಂಧು ಒಮ್ಮೆ ಕೇಳಿದ್ದಳು.

ಪಾಠ ಹೇಳುವವಳು; ಹಸಿರು ವೈರು ಯಾತಕ್ಕೆ ಎಂದು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿರಲಿಲ್ಲ! ಹೊರಗೆ ಸೋರಿದ ಕರೆಂಟು ಮನುಷ್ಯರ ಮೈಮೇಲೆ ಹೋಗದೆ ನೆಲಕ್ಕಿಳಿಯಲಿ ಎಂದು ಇರುವ ದಾರಿ ಅದು. ಅವಳು ಮೆಲ್ಲಗೆ ಗಿಟಾರಿನ ಪಟ್ಟಿ ಬಿಚ್ಚಿ, ಅದನ್ನು ನೆಲದ ಮೇಲೆ ಮಲಗಿಸಿದಳು.

“ರವಿ, ಹಳೇಕೋಟೇಲೂ ಇದ್ನೇ ಮಾಡಿದ್ದಾ?”

ರವೀಂದ್ರ ತಿರುಗಿ ನೋಡಲಿಲ್ಲ. “ಏನ್ನ?”

“ಅರ್ತ್ ವೈರು ಕಿತ್ತಿದ್ದಾ?”

“ಎಲ್ಲಾ ಕಡೇನೂ ಅಂಗೇ ಮಾಡ್ತಾರೆ ಕಣೇ,” ಎಂದ. “ನಮ್ಮೂರವ್ರೆಲ್ಲಾ ಮುಂದೆ ಕೂತಿದ್ರು. ಆ ಸೌಂಡ್ ಓಗ್ಲಿ ಅಂತ... ಅಂಗಾಯ್ತದೆ ಅಂತ ನಂಗೇನ್ ಗೊತ್ತಿತ್ತು?”

“ಆಮೇಲ್ ಗೊತ್ತಾಯ್ತಲ್ಲ. ಎರಡು ವರ್ಷ ಸುಮ್ಕಿದ್ದೆ. ಇವತ್ತು ಮತ್ತೆ ಕಿತ್ತೆ.”

ಅವನು ತಿರುಪುಳಿಯನ್ನು ಜೇಬಿಗೆ ಹಾಕಿಕೊಂಡ. ವಿಶ್ವಾಸ್ ಇಬ್ಬರ ಮುಖವನ್ನೂ ನೋಡುತ್ತ ಕೂತಿದ್ದ. ಸಿಂಧು, ಇನ್ನೊಂದು ಹೆಜ್ಜೆ ಮೈಕಿನ ಕಡೆ ಇಟ್ಟಿದ್ದರೆ ಎಂದು ನೆನೆದು, ಮಹಡಿಯ ಮೆಟ್ಟಿಲನ್ನು ಗೋಡೆ ಹಿಡಿದುಕೊಂಡು ಇಳಿದಳು. ಬಸ್ ಸ್ಟ್ಯಾಂಡಿಗೆ ಹೋಗಿ ಮೈಸೂರು ಬಸ್ ಹತ್ತಿ ಹಳ್ಳಿಮೈಸೂರಿನಲ್ಲಿ ಇಳಿಯುವವರೆಗೂ ಕಿಟಕಿಯ ಕಂಬಿ ಮುಟ್ಟಲಿಲ್ಲ.

ನಂಜಪ್ಪ ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ ಎದ್ದು ಗೋಡೆಯ ಮೂಲೆಯಲ್ಲಿದ್ದ ದೊಣ್ಣೆಗೆ ಕೈ ಹಾಕಿದ.

“ಆ ನನ್ಮಗ ಎಲ್ಲವ್ನೆ ಯೋಳು. ಅವನ ಕೈ ಮುರ್ದಾಕಿ ಬತ್ತೀನಿ.”

“ಅಪ್ಪ, ಕೂತ್ಕ.”

“ಕೂರೋದೇನವ್ವ! ಇರೋಳು ಒಬ್ಳು ಮಗ್ಳು ನಂಗೆ.” ದೊಣ್ಣೆ ಕೈಯಲ್ಲೇ ಇತ್ತು, ಆದರೆ ಅವನು ಬಾಗಿಲು ದಾಟಲಿಲ್ಲ, ಅಲ್ಲೇ ಕುಸಿದು ಕೂತ. “ಇನ್ ಸಾಕು ಕಣವ್ವ. ಆ ಆಡೂ ಬ್ಯಾಡ, ಏನೂ ಬ್ಯಾಡ.”

ಒಳಗಿನಿಂದ ಪುಟ್ಟತಾಯಮ್ಮ ಬಂದು ಮೊಮ್ಮಗಳ ತಲೆ ಸವರಿದಳು. “ಬುಟ್ಬುಡು ಕೂಸೆ” ಎಂದಳು. ಬಿಟ್ಟುಬಿಡುತ್ತೇನೆ ಎನ್ನಲು ಸಿಂಧು ಬಾಯಿ ತೆರೆದಳು. ಹೇಳಿದ್ದು ಬೇರೆಯೇ ಮಾತು.

“ಇಷ್ಟ್ ದಿನ ಯಾತಕ್ಕೆ ಅಂತಾನೇ ಗೊತ್ತಿಲ್ದೆ ಎದುರ್ಕೊಂಡಿದ್ದೆ ಕಣಪ್ಪ. ಈಗ ಗೊತ್ತಾಗೈತೆ. ಈ ಹಾಡು ಬಿಟ್ರೆ ಆ ಸ್ವಿಚ್ಚು, ಆ ನಲ್ಲಿ, ಅದೆಲ್ಲಾ ಹಂಗೇ ಉಳ್ಕತದೆ. ಇನ್ನೊಂದ್ಸಲ ಓಗ್ತೀನಿ.”

“ಇನ್ನೊಂದ್ಸಲ ಅಂಗೇ ಆದ್ರೆ?”

ಸಿಂಧು ಅವನ ಕೈಯಿಂದ ದೊಣ್ಣೆ ತೆಗೆದು ಮೂಲೆಗಿಟ್ಟಳು. ಕಡೆಗೆ ನಂಜಪ್ಪ, “ನಾನೂ ಬತ್ತೀನಿ” ಎಂದ.

ಹಾಗೆ ಭಾನುವಾರ ಬೆಳಿಗ್ಗೆ, ಹಸು ಕಟ್ಟುವ ಕಡೆ ಹಾಸುತ್ತಿದ್ದ ದಪ್ಪ ರಬ್ಬರ್ ಹಾಸನ್ನು ಸುರುಳಿ ಸುತ್ತಿ ಹೆಗಲ ಮೇಲೆ ಹೊತ್ತು ನಂಜಪ್ಪ ಸ್ಟುಡಿಯೋದ ಮಹಡಿ ಹತ್ತಿದ. ವರದರಾಜರಿಗೆ ಕೈ ಮುಗಿದು, “ಸಾ, ಮೇನ್ ಸ್ವಿಚ್ ಎಲ್ಲೈತೆ?” ಎಂದ. ಬಾಗಿಲ ಪಕ್ಕದಲ್ಲಿ ತೋರಿಸಿದರು. ಅದರ ಹಿಡಿಯ ಮೇಲೆ ಬಲಗೈ ಇಟ್ಟು ನಿಂತ. ಕುರ್ಚಿ ಕೊಟ್ಟರೆ ಬೇಡವೆಂದ. ಇದೇನು ನಿಮ್ಮ ತಂದೆಯವರು ಎಂದು ವರದರಾಜರು ಮೆಲ್ಲಗೆ ಕೇಳಿದಾಗ ಸಿಂಧು, “ಅವ್ರು ಅಲ್ಲೇ ಇರ್ಲಿ ಸರ್” ಎಂದಳು.

ರವೀಂದ್ರನನ್ನು ವಿಶ್ವಾಸ್ ಮನೆಗೆ ಹೋಗಿ ಕರೆತಂದಿದ್ದ. ಅವನು ಗಡ್ಡ ಕೆರೆದಿರಲಿಲ್ಲ. ನಂಜಪ್ಪನನ್ನು ಕಂಡು ಬಾಗಿಲಲ್ಲೇ ನಿಂತ. ನಂಜಪ್ಪ ಅವನ ಮುಖವನ್ನು ನೋಡಿದ, ಸ್ವಿಚ್ಚಿನಿಂದ ಕೈ ತೆಗೆಯಲಿಲ್ಲ. ಬಹುಶಃ ಅದರಿಂದಲೇ ರವೀಂದ್ರ ಬಚಾವಾದ.

“ಆ ವೈರನ್ನ ನೀನೇ ಆಕು,” ಸಿಂಧು ಹೇಳಿದಳು. “ನನ್ ಕಣ್ಮುಂದೆ.”

ಅವನು ಪ್ಲಗ್ಗು ಬಿಚ್ಚಿದ. ಅವತ್ತು ಸಲೀಸಾಗಿ ಓಡಿದ್ದ ಕೈ ಇವತ್ತು ತಿರುಪನ್ನು ಎರಡು ಸಲ ಬೀಳಿಸಿತು. ಹಸಿರು ವೈರನ್ನು ಮೂರನೇ ಪಿನ್ನಿಗೆ ಸುತ್ತಿ ಬಿಗಿದು ತೋರಿಸಿದ. ಸಿಕ್ಕಿಸಿದ ಕೂಡಲೇ ಗುಂಯ್ ಸದ್ದು ಕೋಣೆಯನ್ನು ತುಂಬಿತು.

“ಈ ಸದ್ದು ರೆಕಾರ್ಡಲ್ಲಿ ಉಳಿಯುತ್ತಮ್ಮ,” ಎಂದರು ವರದರಾಜ. “ಏನು ಮಾಡಿದರೂ ಪೂರ್ತಿ ತೆಗೆಯೋಕೆ ಆಗಲ್ಲ.”

“ಉಳೀಲಿ ಸರ್.”

ಗಿಟಾರನ್ನು ಎತ್ತಿ ಅವಳು ರವೀಂದ್ರನ ಕಡೆ ಚಾಚಿದಳು. “ಮೊದ್ಲು ನೀನು.”

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಮುಖದ ಬಣ್ಣ ಇಳಿಯಿತು. ವೈರನ್ನು ಬಿಗಿದವನು ಅವನೇ. ಸರಿಯಾಗಿ ಬಿಗಿದಿದ್ದಾನೆ ಎಂದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಗಿಟಾರು ಹಾಕಿಕೊಂಡು ಮೈಕಿನ ಮುಂದೆ ನಿಂತವನು ಮುಂದಕ್ಕೆ ಬಗ್ಗಲಾರದೆ ಹೋದ. ತಂತಿಯ ಮೇಲಿದ್ದ ಕೈ ಅದುರಿ ತಂತಿಗಳೇ ಝಣಗುಟ್ಟಿದವು. ಯಾರೂ ಅವನನ್ನು ಅವಸರಿಸಲಿಲ್ಲ. ಕಣ್ಣು ಮುಚ್ಚಿ, ಗಟ್ಟಿಯಾಗಿ ಉಸಿರೆಳೆದು, ತುಟಿಯನ್ನು ಮೈಕಿಗೆ ಮುಟ್ಟಿಸಿದ.

ಏನೂ ಆಗಲಿಲ್ಲ.

ಅವನು ಗಿಟಾರು ಇಳಿಸಿ ಗೋಡೆಗೆ ಮುಖ ಮಾಡಿ ಅಳಲು ಶುರುಮಾಡಿದ. ವಿಶ್ವಾಸ್ ಎದ್ದು ಹೋಗಿ ಬೆನ್ನ ಮೇಲೆ ಕೈಯಿಟ್ಟ. ಸಿಂಧು ಹೋಗಲಿಲ್ಲ. ಅವಳಿಗೆ ಅವನ ಮೇಲೆ ಕನಿಕರ ಬಂತು, ಸಿಟ್ಟೂ ಇತ್ತು. ಎರಡಕ್ಕಿಂತ ದೊಡ್ಡದಾಗಿ, ಈಗ ತನ್ನ ಸರದಿ ಎಂಬ ಭಯವಿತ್ತು.

ಗಿಟಾರು ಹಾಕಿಕೊಂಡು, ಮೈಕಿನ ಮುಂದೆ ಬಿಡಿಸಿದ ರಬ್ಬರ್ ಹಾಸಿನ ಮೇಲೆ ನಿಂತಳು. ಸಗಣಿ, ಹುಲ್ಲು, ಊರಿನ ಕೊಟ್ಟಿಗೆಯ ವಾಸನೆ ಬಂತು. ಒಬ್ಬರು ಮುಟ್ಟಿ ಬದುಕಿದ್ದನ್ನು ಕಣ್ಣಾರೆ ಕಂಡರೂ ಅವಳ ಮೈ ನಂಬಲಿಲ್ಲ. ಮೊದಲು ಮೈಕಿಗೆ ಕೈಯ ಹಿಂಬದಿ ತಾಗಿಸಿದಳು. ಎಳೆದುಕೊಂಡಳು. ಮತ್ತೆ ತಾಗಿಸಿದಳು. ತಿರುಗಿ ನೋಡಿದರೆ ಅಪ್ಪ ಅವಳಿಗಿಂತ ಬಿಳಚಿಕೊಂಡಿದ್ದ. ಹಿಡಿಯ ಮೇಲಿನ ಕೈಯ ನರಗಳು ಉಬ್ಬಿದ್ದವು.

“ನಾನಿವ್ನಿ ಕಣವ್ವ,” ಎಂದ.

ವಿಶ್ವಾಸ್ ಕೋಲಿನಿಂದ ನಾಲ್ಕು ಎಣಿಸಿದ. ಅವಳು ಹಾಡಿದಳು. ಮೊದಲ ಸಾಲು ಪೂರ್ತಿ ನಡುಗಿತು, ಎರಡನೆಯದರಲ್ಲಿ ಶ್ರುತಿ ಜಾರಿತು. ನಾಲ್ಕನೆಯ ಸಾಲಿಗೆ ತುಟಿ ಮೈಕಿಗೆ ತಗುಲಿಯೇ ತಗುಲಿತು; ಅವಳು ನಿಲ್ಲಿಸಲಿಲ್ಲ, ಬದಲಿಗೆ ಇನ್ನೂ ಜೋರಾಗಿ, ಇನ್ನೂ ವೇಗವಾಗಿ, ಅಟ್ಟಿಸಿಕೊಂಡು ಬರುವ ಯಾವುದರಿಂದಲೋ ತಪ್ಪಿಸಿಕೊಳ್ಳುವವಳ ಹಾಗೆ ಹಾಡಿದಳು. ವಿಶ್ವಾಸ್ ಅವಳ ಹಿಂದೆ ಓಡಬೇಕಾಯಿತು. ಹಾಡು ಮುಗಿದಾಗ ಕೆಳಗಿನ ಅಂಗಡಿಯವರು ಮೇಲೆ ಬಂದು ಏನಾಯಿತು ಎಂದು ಕೇಳುತ್ತಿದ್ದರು.

“ಇನ್ನೊಂದ್ಸಲ ಹಾಡ್ತೀಯೇನಮ್ಮ?” ಎಂದು ವರದರಾಜರು ಕೇಳಿದರು. “ಮೊದಲೆರಡು ಸಾಲು ಸರಿ ಮಾಡಬಹುದು.”

“ಬೇಡ ಸರ್. ಅದೇ ಇರ್ಲಿ.” ಹೊರಗೆ ಓಡಿಹೋಗಿ ವಾಂತಿ ಮಾಡಿಕೊಂಡಳು.

ಉಳಿದ ಹಾಡುಗಳೂ ಹೀಗೆಯೇ, ಭಾನುವಾರಗಳಲ್ಲಿ, ಮುಗಿದವು. ನಂಜಪ್ಪ ಪ್ರತಿ ಸಲವೂ ಬಂದ. ಕಿವಿಗೆ ಹತ್ತಿ ಇಟ್ಟುಕೊಂಡು ಮೇನ್ ಹತ್ತಿರ ನಿಲ್ಲುತ್ತಿದ್ದ. ಹಾಡು ಹೇಗಿದೆ ಎಂದು ಕೇಳಿದರೆ, “ನಾನ್ ಎಲ್ಲಿ ಕೇಳ್ದೆ, ನಿನ್ ಕೈ ನೋಡ್ತಾ ನಿಂತಿದ್ದೆ” ಎನ್ನುತ್ತಿದ್ದ.

ಸೀಡಿ ೨೦೦೬ರ ಫೆಬ್ರವರಿಯಲ್ಲಿ ಹೊರಬಂತು. ‘ಮೂರನೇ ಪಿನ್’ ಎಂದು ಹೆಸರಿಟ್ಟವನು ವಿಶ್ವಾಸ್. ಹಿಂದಿನ ಕ್ಯಾಸೆಟ್ಟುಗಳ ತಮಾಷೆ ಇದರಲ್ಲಿಲ್ಲ ಎಂದು ಕೆಲವರು ಮೂತಿ ತಿರುವಿದರು. ಬೇರೆ ಕೆಲವರು, ಅದರಲ್ಲೂ ಹುಡುಗಿಯರು, ಬಸ್ಸಿನಲ್ಲಿ ಸಿಂಧುವನ್ನು ಗುರುತು ಹಿಡಿದು ಪಕ್ಕದಲ್ಲಿ ಬಂದು ಕೂತು, ನನಗೂ ಒಂದು ಹೆದರಿಕೆ ಇದೆ ಅಕ್ಕ ಎಂದು ಹೇಳಿಕೊಳ್ಳುತ್ತಿದ್ದರು. ಏನು ಹೇಳಬೇಕೋ ತೋಚದೆ ಅವಳು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದಳು. ರವೀಂದ್ರ ಬ್ಯಾಂಡಿನಲ್ಲೇ ಉಳಿದ. ಮೊದಲಿನ ಸಲಿಗೆ ಮಾತ್ರ ಅವರಿಬ್ಬರ ನಡುವೆ ಬರಲಿಲ್ಲ. ಪ್ರತಿ ಕಾರ್ಯಕ್ರಮಕ್ಕೂ ಮುಂಚೆ ಯಾರೂ ಹೇಳದೆಯೇ ಅವನು ಮೈಕಿಗೆ ತುಟಿ ಮುಟ್ಟಿಸಿ ಪಕ್ಕಕ್ಕೆ ಸರಿಯುತ್ತಿದ್ದ.

ಏಕೆಂದರೆ ಕಾರ್ಯಕ್ರಮಗಳು ಮತ್ತೆ ಶುರುವಾಗಿದ್ದವು. ಅರಕಲಗೂಡಿನ ಒಂದು ಶಾಲೆಯ ಅಂಗಳದಲ್ಲಿ ಹಾಡಿದರು. ಆಮೇಲೆ ಚನ್ನರಾಯಪಟ್ಟಣದ ಕಾಲೇಜೊಂದರ ಸಭಾಂಗಣದಲ್ಲಿ. ಅಲ್ಲೂ ಸಿಂಧು ರಬ್ಬರ್ ಹಾಸಿನ ಮೇಲೆ ನಿಂತೇ ಹಾಡಿದಳು. ನಂಜಪ್ಪ ಪರದೆಯ ಹಿಂದೆ ಸ್ವಿಚ್ ಬೋರ್ಡಿನ ಹತ್ತಿರ ಇದ್ದ. ಅವಳು ಆಗಷ್ಟೇ ಬರೆದ ಹೊಸ ಹಾಡೊಂದರ ಕೊನೆಯಲ್ಲಿ ಗಂಟಲು ಹರಿಯುವಂತೆ ಒಮ್ಮೆ ಕಿರುಚುವುದಿತ್ತು. ಕಿರುಚಿದಳು.

ಇಡೀ ಸಭಾಂಗಣ ಕತ್ತಲಾಯಿತು. ಗಿಟಾರು ಸತ್ತಿತು, ಡ್ರಮ್ ಮಾತ್ರ ಇನ್ನೆರಡು ಪೆಟ್ಟು ಹಾಕಿ ನಿಂತಿತು. ಹುಡುಗರು ಶಿಳ್ಳೆ ಹೊಡೆದರು. ಯಾರಿಗೆ ಶಾಕ್ ಹೊಡೆಯಿತು? ರವಿಗಾ? ಅಪ್ಪನಿಗಾ? ಗಿಟಾರು ಕೊರಳಲ್ಲಿರುವಂತೆಯೇ ಸಿಂಧು ಕತ್ತಲಲ್ಲಿ ಪರದೆಯನ್ನು ತಡವಿಕೊಂಡು ಓಡಿದಳು. ಅತ್ತ ಕಡೆಯಿಂದ ನಂಜಪ್ಪನೂ ಎದ್ದುಬಿದ್ದು ಓಡಿ ಬರುತ್ತಿದ್ದ. ಇಬ್ಬರೂ ಡಿಕ್ಕಿ ಹೊಡೆದುಕೊಂಡರು.

“ಏನಾಯ್ತವ್ವ? ಎಲ್ಲಿ ಒಡೀತು?” ಅವಳ ಕೈ, ಮುಖ, ತುಟಿಯನ್ನೆಲ್ಲ ಅವನು ತಡಕಾಡುತ್ತಿದ್ದ.

“ನಂಗೇನೂ ಆಗಿಲ್ಲಪ್ಪ. ಕರೆಂಟ್ ಯಾರ್ ತೆಗುದ್ರು?”

“ನಾನೇ ಕಣವ್ವ. ಕಿರುಚ್ಕಂಡ್ಯಲ್ಲ!”

“ಹಾಡ್ನಲ್ಲೇ ಹಂಗೈತೆ ಕಣಪ್ಪ.”

“ಮೊದ್ಲೇ ಯೋಳ್ಬಾರ್ದಾ?” ಎಂದ. ಆ ದನಿಯಲ್ಲಿ ಅಳು ಇತ್ತೋ ಸಿಟ್ಟು ಇತ್ತೋ ಕತ್ತಲಲ್ಲಿ ತಿಳಿಯಲಿಲ್ಲ. ಸಿಂಧುವಿಗೆ ನಗು ಬಂತು. ತಡೆಯಲಾಗಲಿಲ್ಲ, ಅಪ್ಪನ ಹೆಗಲಿಗೆ ಹಣೆ ಒತ್ತಿ, ನಡುಗುತ್ತಲೇ ನಕ್ಕಳು. ಆಚೆ ಹುಡುಗರು ಬೆಂಚು ಕುಟ್ಟುತ್ತಿದ್ದರು.

“ಕರೆಂಟ್ ಆಕ್ಲಾ ಮತ್ತೆ?” ನಂಜಪ್ಪ ಕೇಳಿದ.

“ಇರು, ಗಿಟಾರ್ ಕೆಳಗಿಟ್ಟು ಬರ್ತೀನಿ. ಆಮೇಲ್ ಆಕು,” ಎಂದಳು ಸಿಂಧು.